ಕೆಂಪು ದಾರ ಕತ್ತರಿಸಿದ ಬೇಸಿಗೆ

ಮೊನ್ನೆ ಅಣ್ಣನ ಮನೆಯಲ್ಲಿ ವೈನಿ ಶಾವಿಗೆ ಪಾಯಸಕ್ಕೆಂದು ಒಣದ್ರಾಕ್ಷಿಯ ಹೊಸ ಪೊಟ್ಟಣ ಒಡೆದರು. ಗಂಧಕದ ಹೊಗೆ ಕುಡಿದ ಆ ವಾಸನೆ ಅಡುಗೆಮನೆಯಿಂದ ನಡುಮನೆಗೆ ಬಂತು. ತೊಳೆದು ತುಪ್ಪದಲ್ಲಿ ಹುರಿದರೆ ಅದು ಹೋಗುತ್ತದೆ, ತಿನ್ನುವವರಿಗೆ ಗೊತ್ತೂ ಆಗುವುದಿಲ್ಲ. ನನ್ನ ಮೂಗಿನಿಂದ ಮಾತ್ರ ಹೋಗುವುದಿಲ್ಲ. ಬಟ್ಟಲು ಮುಂದೆ ಬಂದಾಗ ಸಕ್ಕರೆ ಕಾಯಿಲೆ ಅಂತ ಸುಳ್ಳು ಹೇಳಿ ಪಕ್ಕಕ್ಕೆ ಸರಿಸಿದೆ. ಸುಳ್ಳು ಹೇಳುವುದು ನನಗೇನೂ ಹೊಸದಲ್ಲ.

ನಾನು ಗಡಿಯಾಚೆ, ಮರಾಠಿ ಸೀಮೆಗೆ ಸೇರಿದ ಜತ್ ತಾಲೂಕಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಂಪ್ಯೂಟರ್ ಆಪರೇಟರ್. ಹನ್ನೊಂದು ತಿಂಗಳ ಗುತ್ತಿಗೆಯ ನೌಕರಿ, ಪ್ರತಿ ವರ್ಷ ಹೊಸ ಅರ್ಜಿ, ಹೊಸ ಸಹಿ. ಕೇಂದ್ರದ ಊರು ಯಾವುದೆಂದು ಹೇಳುವುದಿಲ್ಲ. ಮುಚ್ಚಂಡಿಯಿಂದ ದಿನಾ ಬಸ್ಸಿಗೆ ಹೋಗುತ್ತಿದ್ದೆ ಅಂದರೆ ಸಾಕು. ಆಗ ಕೇಂದ್ರದ ಹಿಂದೆ ದ್ರಾಕ್ಷಿ ಒಣಗಿಸುವ ಶೆಡ್ಡು ಇತ್ತು. ಶಿವರಾತ್ರಿ ಮುಗಿಯಿತೆಂದರೆ ಟೆಂಪೋಗಟ್ಟಲೆ ದ್ರಾಕ್ಷಿ ಬಂದು ಬೀಳುತ್ತಿತ್ತು. ಔಷಧಿ ನೀರಿನಲ್ಲಿ ಅದ್ದಿ, ಬಲೆಯ ಅಟ್ಟಗಳ ಮೇಲೆ ಹರವಿ, ಒಣಗಿದ ಮೇಲೆ ಗಂಧಕದ ಹೊಗೆ ಹಾಕುತ್ತಿದ್ದರು. ನನ್ನ ಮೇಜಿನ ಕಿಟಕಿ ಸರಿಯಾಗಿ ಆ ಕಡೆಗೇ ಇತ್ತು. ಮುಚ್ಚಿದರೆ ಸೆಕೆ, ತೆರೆದರೆ ಹೊಗೆ. ಫ್ಯಾನು ಲೆಕ್ಕಕ್ಕೆ ಮಾತ್ರ ಇತ್ತು.

ಆ ವರ್ಷದ ಬೇಸಿಗೆಯಲ್ಲಿ ಮೇಲಿನಿಂದ ಆದೇಶ ಬಂತು. ರೋಗಿಗಳ ಹಳೆಯ ಕೇಸ್ ಪೇಪರುಗಳೆಲ್ಲ ಮಾರ್ಚ್ ಮುಗಿಯುವುದರೊಳಗೆ ಕಂಪ್ಯೂಟರಿಗೆ ಏರಬೇಕು. ಇಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದ ರೋಗಿಯ ಕೈಯಲ್ಲಿ ಇನ್ನು ಮುಂದೆ ಕಾಗದ ಕೊಡುವಂತಿಲ್ಲ. ರೋಗಿ ಅಲ್ಲಿಗೆ ಮುಟ್ಟುವ ಮೊದಲೇ ಅವನ ಮಾಹಿತಿ ಅಲ್ಲಿ ಮುಟ್ಟಿರಬೇಕು. ಕೇಳಲು ಎಷ್ಟು ಚೆನ್ನಾಗಿದೆ! ನಾನೂ ಚಪ್ಪಾಳೆ ತಟ್ಟಿದವಳೇ.

ನಮ್ಮಲ್ಲಿ ಶಾಂತಾಬಾಯಿ ಎಂಬ ಹಿರಿಯ ನರ್ಸ್ ಇದ್ದರು. ಸನಮಡಿಯ ಬೌದ್ಧರ ಮನೆಯವರು, ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಸೇವೆ. ಡಾಕ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು. ಕೇಂದ್ರ ನಡೆಯುತ್ತಿದ್ದದ್ದು ಬಾಯಾರಿಂದ. ಅವರದೊಂದು ಪದ್ಧತಿ ಇತ್ತು. ಯಾರಿಗಾದರೂ ಒಂದು ಔಷಧಿ ಆಗಿಬರುವುದಿಲ್ಲ ಅಂತ ಗೊತ್ತಾದರೆ, ಅವರ ಕೇಸ್ ಪೇಪರಿನ ಮೂಲೆಗೆ ಸೂಜಿಯಿಂದ ತೂತು ಮಾಡಿ ಕೆಂಪು ದಾರ ಕಟ್ಟುತ್ತಿದ್ದರು. ಒಳಗೆ ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿರುತ್ತಿದ್ದರು. ದಾರ ಯಾಕೆ, ಬರೆದಿದ್ದೀರಲ್ಲ ಅಂತ ಒಮ್ಮೆ ಕೇಳಿದ್ದೆ.

"ಬರದದ್ದು ಓದಾಕ ಪುರುಸೊತ್ತ ಬೇಕಲಾ ತಂಗಿ. ದಾರ ಹಂಗಲ್ಲ. ಗಾಡಿ ಡ್ರೈವರಗೂ ಕಾಣಸ್ತದ, ರೋಗಿ ಮಗಳಿಗೂ ಕಾಣಸ್ತದ. ಕಂಡವ್ರು ಏನಿದು ಅಂತ ಕೇಳೇ ಕೇಳ್ತಾರ" ಅಂದಿದ್ದರು.

ಆ ದಾರಗಳಲ್ಲೊಂದು ಲಕ್ಕವ್ವನದು. ಲಕ್ಕವ್ವ ಸೋನ್ಯಾಳದವಳು, ನಲವತ್ತೈದರ ಆಸುಪಾಸು, ಹಿಂದಿನ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ. ಬಿಪಿ ಇತ್ತು, ತಿಂಗಳಿಗೊಮ್ಮೆ ಗುಳಿಗೆಗೆ ಬರುತ್ತಿದ್ದಳು. ಬಹಳ ವರ್ಷಗಳ ಹಿಂದೆ ಗಂಟಲು ಬಾತಾಗ ಯಾರೋ ಪೆನಿಸಿಲಿನ್ ಚುಚ್ಚಿ, ಮುಖ ಊದಿ, ಉಸಿರು ಕಟ್ಟಿ ಹೋಗೇ ಬಿಡುತ್ತಿದ್ದವಳನ್ನು ಶಾಂತಾಬಾಯಿಯೇ ಉಳಿಸಿದ್ದರಂತೆ. ಅದನ್ನು ಲಕ್ಕವ್ವ ಹಬ್ಬದ ಸುದ್ದಿ ಹೇಳಿದ ಹಾಗೆ ನಗುತ್ತಾ ಹೇಳುತ್ತಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಿಟಕಿಗೆ ಬಂದು ಸರಳಿನ ನಡುವಿನಿಂದ ಒಂದು ಹಿಡಿ ದ್ರಾಕ್ಷಿ ಇಡುತ್ತಿದ್ದಳು.

"ತಿನ್ನವಾ ಮಾನಂದಾ. ಮಾರೂ ಮಾಲಲ್ಲ ಇದು, ಆರಿಸಿ ಬಿಟ್ಟದ್ದು. ಆ ಡಬ್ಬಿ ನೋಡಿ ನೋಡಿ ನಿನ್ನ ಕಣ್ಣೂ ಹಿಂಗ ಒಣಗ್ಯಾವ."

ಕೇಸ್ ಪೇಪರುಗಳ ಚಿತ್ರ ತೆಗೆಯಲು ಒಂದು ಸ್ಕ್ಯಾನರ್ ಕಳಿಸಿದ್ದರು. ಕಾಗದದ ಕಟ್ಟು ಇಟ್ಟರೆ ತಾನೇ ಒಂದೊಂದಾಗಿ ಎಳೆದುಕೊಳ್ಳುವ ಯಂತ್ರ. ಮೊದಲ ಕೆಂಪು ದಾರ ಬಂದದ್ದೇ ತಡ, ಗರ್ ಅಂತ ನಿಂತಿತು. ದಾರ ಉರುಳೆಗೆ ಸುತ್ತಿಕೊಂಡಿತ್ತು. ಬಿಡಿಸಲು ಅರ್ಧ ದಿನ ಹೋಯಿತು. ಎರಡನೆಯ ಸಲವೂ ಹಾಗೇ ಆದಾಗ ಡ್ರಾದಿಂದ ಕತ್ತರಿ ತೆಗೆದೆ. ಕುಳಿತು ಒಂದೊಂದೇ ದಾರ ಕತ್ತರಿಸತೊಡಗಿದೆ. ನಲವತ್ತಕ್ಕಿಂತ ಹೆಚ್ಚಿದ್ದವು. ಶಾಂತಾಬಾಯಿ ಬಾಗಿಲಲ್ಲಿ ನಿಂತು ನೋಡಿದರು.

"ಯಾಕ ಕತ್ತರಸ್ತೀ?"

"ಮಷೀನಿಗೆ ಸಿಗತಾವ್ರಿ ಬಾಯಾರ. ಇನ್ನ ದಾರ ಬೇಕಿಲ್ರಿ. ಎಲ್ಲಾ ಕಂಪ್ಯೂಟರ್‌ನ್ಯಾಗ ಬರೀತೀನಿ. ಇಲ್ಲಿ ಬರದದ್ದು ದೊಡ್ಡ ದವಾಖಾನ್ಯಾಗ ಕಾಣಸ್ತದ."

ಬಾಯಾರು ಬಗ್ಗಿ ನೆಲದ ಮೇಲಿನ ದಾರದ ತುಂಡುಗಳನ್ನು ಒಂದೂ ಬಿಡದೆ ಆರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡರು.

"ನೀ ಅಂದಿ ಅಂದ್ರ ಆತು" ಅಂದು ಹೋದರು.

ಈಗ ನಾನು ಮಾಡಿದ ಘನಕಾರ್ಯ ಹೇಳಬೇಕು. ಆಗಿಬರದ ಔಷಧಿ ಬರೆಯಲು ಕಂಪ್ಯೂಟರಿನಲ್ಲಿ ಬೇರೆ ಖಾನೆಯೇ ಇತ್ತು. ಅದನ್ನು ಒತ್ತಿದರೆ ಔಷಧಿಗಳ ಉದ್ದ ಪಟ್ಟಿ ತೆರೆಯುತ್ತಿತ್ತು, ಪ್ರತಿ ಔಷಧಿಗೂ ಒಂದು ನಂಬರು. ನಮ್ಮ ಇಂಟರ್ನೆಟ್ಟಿಗೆ ಆ ಪಟ್ಟಿ ತೆರೆಯುವುದರೊಳಗೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಆಮೇಲೆ ಏನಾಯಿತು, ಎಷ್ಟು ಜೋರಾಗಿತ್ತು, ಯಾವಾಗ ಆಯಿತು ಅಂತ ಪ್ರಶ್ನೆಗಳು. ಒಂದು ಬಿಟ್ಟರೂ ಸೇವ್ ಆಗುತ್ತಿರಲಿಲ್ಲ. ಕೆಳಗೆ 'ಷರಾ' ಅಂತ ಇನ್ನೊಂದು ಖಾನೆ ಇತ್ತು. ಅಲ್ಲಿ ಏನು ಬರೆದರೂ ನಡೆಯುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ದಿನಾ ಸಂಜೆ ತಾಲೂಕಿನ ವಾಟ್ಸಾಪ್ ಗುಂಪಿನಲ್ಲಿ ಯಾವ ಕೇಂದ್ರದ್ದು ಎಷ್ಟಾಯಿತು ಅಂತ ಪಟ್ಟಿ ಬರುತ್ತಿತ್ತು. ನಮ್ಮದು ತಳದಲ್ಲಿರುತ್ತಿತ್ತು. ನಮ್ಮ ಡಾಕ್ಟರ್ ಸಾಹೇಬರು ಮುಖ ಗಂಟು ಹಾಕಿಕೊಂಡು ನನ್ನ ಮೇಜಿನ ಮುಂದೆ ಎರಡು ಸಲ ಓಡಾಡುತ್ತಿದ್ದರು. ನಾನು ಕೆಂಪು ದಾರಗಳನ್ನೆಲ್ಲ ಷರಾ ಖಾನೆಗೆ ತುಂಬಿದೆ. 'ಲಕ್ಕವ್ವ, ಸೋನ್ಯಾಳ. ಪೆನಿಸಿಲಿನ್ ಆಗುವುದಿಲ್ಲ. ಜೀವಕ್ಕೆ ಅಪಾಯ.' ಒಂದಕ್ಷರ ತಪ್ಪಿಲ್ಲದೆ ಬರೆದೆ. ಹದಿನೈದು ದಿನದಲ್ಲಿ ನಮ್ಮ ಕೇಂದ್ರ ಪಟ್ಟಿಯ ಮೇಲಕ್ಕೆ ಬಂತು, ಸಾಹೇಬರು ನನಗೆ ಚಹಾ ತರಿಸಿಕೊಟ್ಟರು.

ಮಾರ್ಚ್ ನಡುವಿನಲ್ಲಿ ಪುಣೆಯಿಂದ ಕಂಪನಿಯ ಎಂಜಿನಿಯರ್ ಬಂದ. ನಮ್ಮ ಕಂಪ್ಯೂಟರನ್ನು ದೊಡ್ಡ ಆಸ್ಪತ್ರೆಯ ಕಂಪ್ಯೂಟರಿಗೆ ಜೋಡಿಸಿ ಪರೀಕ್ಷೆ ಮಾಡಬೇಕಿತ್ತು. ಅವರದು ಬೇರೆ ಕಂಪನಿಯ ಸಾಫ್ಟ್‌ವೇರ್, ನಮ್ಮದು ಬೇರೆ. ಎರಡಕ್ಕೂ ತಿಳಿಯುವ ಒಂದು ಸಾಮಾನ್ಯ ನಮೂನೆ ಇದೆ, ಅದಕ್ಕೆ ಸ್ಟ್ಯಾಂಡರ್ಡ್ ಅನ್ನುತ್ತಾರೆ ಅಂತ ಅವನು ಮರಾಠಿಯಲ್ಲಿ ತಿಳಿಸಿ ಹೇಳಿದ. ಹೆಸರು ಇಂಥ ಖಾನೆಯಲ್ಲಿ, ರಕ್ತದ ಗುಂಪು ಇಂಥ ಖಾನೆಯಲ್ಲಿ ಅಂತ ಎಲ್ಲರೂ ಒಪ್ಪಿಕೊಂಡ ನಮೂನೆ. ಒಳ್ಳೆಯ ಹುಡುಗ, ಸಿಟ್ಟಿಲ್ಲ ಸೆಡವಿಲ್ಲ. ಪರೀಕ್ಷೆಗೆ ನನ್ನನ್ನೇ ರೋಗಿ ಮಾಡಿ ವಿವರ ತುಂಬಿದೆವು. ನನಗೆ ತಮಾಷೆ ಹೊಳೆದು ಷರಾದಲ್ಲಿ 'ಈಕೆಗೆ ಚಹಾ ಇಲ್ಲದಿದ್ದರೆ ತಲೆ ನಡೆಯುವುದಿಲ್ಲ' ಅಂತ ಬರೆದು ಕಳಿಸಿದೆ. ಅತ್ತ ದೊಡ್ಡ ಆಸ್ಪತ್ರೆಯ ಆಪರೇಟರ್ ಹುಡುಗಿ ಫೋನಿನಲ್ಲಿ ಒಂದೊಂದಾಗಿ ಓದಿದಳು. ಹೆಸರು ಬಂತು, ವಯಸ್ಸು ಬಂತು, ರಕ್ತದ ಗುಂಪು, ಬಿಪಿ ಎಲ್ಲ ಬಂತು.

"ಚಹಾದ ಸುದ್ದಿ?" ಅಂದೆ.

"ಯಾವ ಚಹಾ? ಇಲ್ಲಿ ಏನೂ ಇಲ್ಲ. ಅಲರ್ಜಿ ಅಂತ ಒಂದಿದೆ. 'ಗೊತ್ತಿರುವ ಅಲರ್ಜಿ ಇಲ್ಲ' ಅಂತ ತೋರಿಸುತ್ತಿದೆ."

ಹಾಗಂತ ನಾನು ಬರೆದೇ ಇರಲಿಲ್ಲ. ಎಂಜಿನಿಯರನನ್ನು ಕೇಳಿದೆ. ಷರಾ ಸ್ಟ್ಯಾಂಡರ್ಡಿನಲ್ಲಿ ಇಲ್ಲ, ಅದೂ ಸ್ಕ್ಯಾನ್ ಮಾಡಿದ ಚಿತ್ರವೂ ನಿಮ್ಮ ಅನುಕೂಲಕ್ಕೆ ಮಾತ್ರ, ಹೊರಗೆ ಹೋಗುವುದಿಲ್ಲ ಅಂದ. ಅಲರ್ಜಿ ಖಾನೆ ನೀವು ಖಾಲಿ ಬಿಟ್ಟಿದ್ದೀರಿ, ಖಾಲಿ ಇದ್ದರೆ ಅವರ ಸಾಫ್ಟ್‌ವೇರ್ 'ಇಲ್ಲ' ಅಂತ ತೋರಿಸುತ್ತದೆ ಅಂದ.

"ಬರೆಯದೆ ಬಿಡುವುದೂ, ಇಲ್ಲ ಅಂತ ಬರೆಯುವುದೂ ಒಂದೇ ಏನು?"

"ಒಂದೇ ಅಲ್ಲ. ಅದನ್ನು ಅವರ ಕಂಪನಿಯವರನ್ನು ಕೇಳಬೇಕು. ನೀವು ಅಲರ್ಜಿ ಖಾನೆಯಲ್ಲೇ ತುಂಬಿಬಿಡಿ ಮ್ಯಾಡಮ್, ತೊಂದರೆ ಇರುವುದಿಲ್ಲ" ಅಂದು ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ನನಗೆ ಗೊತ್ತಿರಲಿಲ್ಲ ಅನ್ನುವ ಮಾತು ಅವತ್ತಿಗೆ ಮುಗಿಯಿತು. ಆಮೇಲಿನದೆಲ್ಲ ಗೊತ್ತಿದ್ದು ಮಾಡಿದ್ದು.

ಮರುದಿನದಿಂದ ದಾರದವರ ಹೆಸರುಗಳನ್ನು ಒಂದೊಂದಾಗಿ ತೆಗೆದು ಅಲರ್ಜಿ ಖಾನೆಯಲ್ಲಿ ಮತ್ತೆ ತುಂಬಲು ಕುಳಿತೆ. ಮೊದಲು ಮುಚ್ಚಂಡಿಯವರನ್ನು ಮುಗಿಸಿದೆ, ಯಾಕೆಂದರೆ ಅದು ನನ್ನ ಊರು, ನಮ್ಮ ಚಿಕ್ಕಪ್ಪನ ಹೆಸರೂ ಅದರಲ್ಲಿತ್ತು. ಆಮೇಲೆ ಸನಮಡಿ, ಯಾಕೆಂದರೆ ಬಾಯಾರ ಊರು, ನಾಳೆ ಅವರು ಕೇಳಿದರೆ ಮುಖ ತೋರಿಸಬೇಕಲ್ಲ. ಸೋನ್ಯಾಳದ ಕಟ್ಟು ತೆಗೆಯುವಷ್ಟರಲ್ಲಿ ಮಾರ್ಚ್ ಮುಗಿಯಿತು. ಕೊನೆಯ ದಿನ ಪರದೆಯ ಮೇಲೆ ಒಂದು ಸಾಲು ಬಂತು: 'ಎಲ್ಲ ಮಾಹಿತಿ ಪರಿಶೀಲಿಸಲಾಗಿದೆ.' ಎದುರಿಗೆ ಚಿಕ್ಕದೊಂದು ಚೌಕ. ಅದರಲ್ಲಿ ಗುರುತು ಹಾಕದಿದ್ದರೆ ನೂರಕ್ಕೆ ನೂರು ಆಗುತ್ತಿರಲಿಲ್ಲ, ಹೊಸ ಗುತ್ತಿಗೆಯ ಕಾಗದ ಸಾಹೇಬರ ಟೇಬಲ್ಲಿನ ಮೇಲಿತ್ತು. ಗುರುತು ಹಾಕಿದೆ. ಸೋನ್ಯಾಳದ ಏಳೆಂಟು ಹೆಸರು ನಾಳೆ ಮಾಡಿದರಾಯಿತು ಅಂದುಕೊಂಡೆ. ಕೇಸ್ ಪೇಪರುಗಳನ್ನು ಗೋಣಿಚೀಲಕ್ಕೆ ತುಂಬಿ ಗೋದಾಮಿಗೆ ಸಾಗಿಸಿದರು. ನಾಳೆ ಅನ್ನುವುದು ಯುಗಾದಿ ಕಳೆದರೂ ಬರಲಿಲ್ಲ.

ಏಪ್ರಿಲಿನ ಒಂದು ದಿನ ಮಧ್ಯಾಹ್ನ ಲಕ್ಕವ್ವನನ್ನು ಅವಳ ಮಗಳು ಶಿವಲೀಲಾ ಆಟೋದಲ್ಲಿ ಹಾಕಿಕೊಂಡು ಬಂದಳು. ನಾಲ್ಕು ದಿನದ ಹಿಂದೆ ಶೆಡ್ಡಿನಲ್ಲಿ ಬಲೆಯ ತಂತಿ ಅಂಗಾಲಿಗೆ ಚುಚ್ಚಿತ್ತಂತೆ. ಅರಿಶಿನ ಹಚ್ಚಿ ಕೆಲಸ ಮಾಡಿದ್ದಾಳೆ. ಕಾಲು ಮೊಣಕಾಲಿನವರೆಗೆ ಕೆಂಪಗೆ ಊದಿತ್ತು, ಮೈ ಸುಡುತ್ತಿತ್ತು. ಸಾಹೇಬರು ನೋಡಿ, ಇಲ್ಲಿ ಆಗುವುದಲ್ಲ ಅಂದು ದೊಡ್ಡ ಆಸ್ಪತ್ರೆಗೆ ಕಳಿಸಲು ಹೇಳಿದರು. ಗಾಡಿ ಬಂತು. ಶಾಂತಾಬಾಯಿ ನನ್ನ ಮೇಜಿಗೆ ಬಂದು ಕೈಚಾಚಿದರು.

"ಲಕ್ಕವ್ವನ ಕಾಗದ ಕೊಡು."

"ಗೋದಾಮಿಗೆ ಹೋಗ್ಯಾವಲ್ರಿ ಬಾಯಾರ. ಎಲ್ಲಾ ಆನ್‌ಲೈನ್ ಕಳಿಸೀನ್ರಿ."

"ಪೆನಿಸಿಲಿನ್ ಸೂಜಿ ಸುದ್ದಿ ಹೋಗ್ಯದಲಾ?"

"ಹೋಗ್ಯದ್ರಿ" ಅಂದೆ.

ಗಾಡಿಯ ಒಳಗಿನಿಂದ ಲಕ್ಕವ್ವ ನನ್ನತ್ತ ನೋಡಿ ಕೈ ಎತ್ತಿದಳು. ಗಾಡಿ ಹೋಯಿತು. ನಾನು ಓಡಿ ಬಂದು ಅವಳ ಹೆಸರು ತೆಗೆದು ಅಲರ್ಜಿ ಖಾನೆ ಒತ್ತಿದೆ. ಪಟ್ಟಿ ತೆರೆಯಲು ಚಕ್ರ ತಿರುಗಿತು, ತಿರುಗಿತು, ಕರೆಂಟು ಹೋಯಿತು. ಇದನ್ನು ನಾನು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ: ಕರೆಂಟು ಹೋಯಿತು, ನಾನೇನು ಮಾಡಲಿ ಅಂತ. ಆದರೆ ಯಾವ ಚಹಾ ಅಂತ ಕೇಳಿದ್ದ ಆ ಆಪರೇಟರ್ ಹುಡುಗಿಯ ನಂಬರು ನನ್ನ ಫೋನಿನಲ್ಲಿತ್ತು. ಫೋನಿಗೆ ಚಾರ್ಜೂ ಇತ್ತು. 'ಲಕ್ಕವ್ವಗ ಪೆನಿಸಿಲಿನ್ ಕೊಡಬ್ಯಾಡ್ರಿ' ಅಂತ ಒಂದು ಮಾತು ಸಾಕಿತ್ತು. ಅದನ್ನು ಹೇಳಿದರೆ ನೀನು ಚೌಕದಲ್ಲಿ ಗುರುತು ಯಾಕೆ ಹಾಕಿದೆ ಅಂತ ಪ್ರಶ್ನೆ ಬರುತ್ತಿತ್ತು. ಮಾಡಲಿಲ್ಲ. ಗಾಡಿ ಮುಟ್ಟಲು ಒಂದು ತಾಸು ಬೇಕು, ಅಷ್ಟರಲ್ಲಿ ಕರೆಂಟು ಬರುತ್ತದೆ ಅಂದುಕೊಂಡು ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ. ತಿಂದೆ, ಅದನ್ನೂ ಬರೆಯಬೇಕು.

ಕರೆಂಟು ಬಂದದ್ದು ಸಂಜೆ ಬಸ್ಸಿನ ಹೊತ್ತಿಗೆ. ಅಷ್ಟರಲ್ಲಿ ಲಕ್ಕವ್ವ ಇರಲಿಲ್ಲ.

ಅಲ್ಲಿ ನಡೆದದ್ದನ್ನು ಶಿವಲೀಲಾ ಎಂಟು ದಿನದ ಮೇಲೆ ಯಾವುದೋ ಕಾಗದಕ್ಕೆ ಬಂದಾಗ ಹೇಳಿದಳು. ಅಳಲಿಲ್ಲ, ಅತ್ತು ಮುಗಿದಿತ್ತು.

"ಅವ್ವ ಹೇಳಿದಳ್ರಿ, ನನಗ ಸೂಜಿ ಆಗಂಗಿಲ್ಲ ಅಂತ. ಮರಾಠೀಲೇ ಹೇಳಿದಳು, ನಾನೂ ಹೇಳಿದೆ. ಅಲ್ಲಿನ ನರ್ಸ್ ಬಾಯಿ ಕಂಪ್ಯೂಟರ್ ನೋಡಿದ್ರು. ಇಲ್ಲಿ ಏನೂ ಇಲ್ಲ ಅಂತದ, ಸೂಜಿ ಅಂದ್ರ ಎಲ್ಲಾರೂ ಹಂಗ ಅಂಜತಾರ ಅಂದ್ರು. ಅವ್ವ ಮತ್ತ ಅಂದಳ್ರಿ, ನಮ್ಮ ಶಾಂತಾಬಾಯಾರು ದಾರ ಕಟ್ಯಾರ, ಕಾಗದ ನೋಡ್ರಿ ಅಂತ. ಯಾವ ದಾರ, ಯಾವ ಕಾಗದ ಅಂದ್ರು. ಜ್ವರದಾಗ ಬಡಬಡಸ್ತಾಳ ಅಂತ ತಿಳಕೊಂಡು ಸೂಜಿ ಚುಚ್ಚಿದ್ರು."

ಸಾಯುವ ಮೊದಲು ಲಕ್ಕವ್ವ ಕೇಳಿದ್ದು ಆ ದಾರವನ್ನು. ಅದು ನನ್ನ ಕತ್ತರಿಯ ಬಾಯಲ್ಲಿ ಹೋಗಿತ್ತು. ನನಗೆ ಅವತ್ತು ನನ್ನ ಮೇಲೆ ಹೇಸಿಗೆ ಹುಟ್ಟಿತು, ಇನ್ನೂ ಹೋಗಿಲ್ಲ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ನಮ್ಮ ಪರದೆ ನೋಡಿದರು. ಷರಾದಲ್ಲಿ ಪೆನಿಸಿಲಿನ್ ಸಂಗತಿ ಅಚ್ಚುಕಟ್ಟಾಗಿ ಇತ್ತು. ದೊಡ್ಡ ಆಸ್ಪತ್ರೆಯ ಪರದೆಯ ಫೋಟೋ ನೋಡಿದರು. ಅಲ್ಲಿ 'ಗೊತ್ತಿರುವ ಅಲರ್ಜಿ ಇಲ್ಲ' ಅಂತ ಅಷ್ಟೇ ಅಚ್ಚುಕಟ್ಟಾಗಿ ಇತ್ತು. ನಮ್ಮ ಕಂಪನಿಯವರು ನಾವು ನಮೂನೆಯ ಪ್ರಕಾರವೇ ಕಳಿಸಿದ್ದೇವೆ ಅಂದರು. ಅವರ ಕಂಪನಿಯವರು ನಮಗೆ ಬಂದದ್ದನ್ನೇ ತೋರಿಸಿದ್ದೇವೆ ಅಂದರು. ಎರಡೂ ಕಡೆಯವರು ಕೈ ತೊಳೆದುಕೊಂಡ ಮೇಲೆ ಉಳಿದದ್ದು ಮನುಷ್ಯರು. ಅಧಿಕಾರಿ ಶಾಂತಾಬಾಯಿಯನ್ನು ಕರೆದು ಕೇಳಿದರು: ನಿಮಗೆ ಗೊತ್ತಿತ್ತಲ್ಲ, ಚೀಟಿ ಬರೆದು ಯಾಕೆ ಕೊಡಲಿಲ್ಲ?

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಾರು ನನ್ನ ಕಡೆ ನೋಡಲಿಲ್ಲ.

"ದಾರ ಕಟ್ಟಿದ್ದೆ ಸಾಹೇಬ್ರ" ಅಂದರು. ಅಷ್ಟೇ. ಗೋದಾಮಿನಿಂದ ತರಿಸಿದ ಕಾಗದದ ಮೇಲೆ ದಾರ ಇರಲಿಲ್ಲ, ಸಣ್ಣ ತೂತು ಮಾತ್ರ ಇತ್ತು. ಯಾರು ಕತ್ತರಿಸಿದರು ಅಂತ ಅವರು ಹೇಳಲಿಲ್ಲ. ಸೂಜಿಯ ಸುದ್ದಿ ಹೋಗಿದೆ ಅಂತ ನಾನು ಹೇಳಿದ್ದನ್ನೂ ಹೇಳಲಿಲ್ಲ. ನನ್ನ ಬಾಯಿ ಇತ್ತಲ್ಲ, ನಾನೂ ಹೇಳಲಿಲ್ಲ.

ಬಾಯಾರನ್ನು ತಾಲೂಕಿನ ಆ ತುದಿಗೆ, ಎರಡು ಬಸ್ಸು ಬದಲಿಸಿ ಹೋಗುವ ಹಳ್ಳಿಗೆ ಹಾಕಿದರು. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹೊರಟ ದಿನ ಅವರ ಚೀಲ ಎತ್ತಿಕೊಂಡು ಬಸ್ಸಿನವರೆಗೆ ಹೋಗೋಣ ಅಂತ ಹಿಡಿದೆ. ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡು ತಾವೇ ಹೊತ್ತುಕೊಂಡು ನಡೆದರು. ಅದೇ ತಿಂಗಳು ನನಗೆ ನೂರಕ್ಕೆ ನೂರು ಕೆಲಸಕ್ಕೆಂದು ಪ್ರಶಸ್ತಿಪತ್ರ ಬಂತು. ಗುತ್ತಿಗೆಯೂ ಮುಂದುವರಿಯಿತು. ಪತ್ರಕ್ಕೆ ಸಾಹೇಬರೇ ಚೌಕಟ್ಟು ಹಾಕಿಸಿಕೊಟ್ಟರು.

ಆಮೇಲೆ ಎಲ್ಲ ಸರಿಹೋಯಿತು ಅನ್ನಬೇಕು. ಈಗ ಖಾಲಿ ಬಿಟ್ಟ ಖಾನೆ ದೊಡ್ಡ ಆಸ್ಪತ್ರೆಯಲ್ಲಿ 'ಮಾಹಿತಿ ಇಲ್ಲ' ಅಂತಲೇ ತೋರಿಸುತ್ತದೆ. ತೀರಾ ಚಿಕ್ಕ ಬದಲಾವಣೆ, ಅರ್ಧ ದಿನದ ಕೆಲಸವಂತೆ. ಹಿಂದಿನ ಶೆಡ್ಡು ಬೇರೆ ಕಡೆ ಹೋಯಿತು, ಕಿಟಕಿಗೆ ಈಗ ಬರೀ ಧೂಳು ಬರುತ್ತದೆ. ಬಹಳ ವರ್ಷ ನಾನು ಆ ಸ್ಟ್ಯಾಂಡರ್ಡ್ ಅನ್ನುವುದನ್ನೇ ಬೈದುಕೊಂಡಿದ್ದೆ. ಈಗ ಬೈಯುವುದಿಲ್ಲ. ಅದರಲ್ಲಿ ಲಕ್ಕವ್ವನಿಗೆ ಒಂದು ಖಾನೆ ಇತ್ತು. ತುಂಬದೆ ಬಿಟ್ಟವಳು ನಾನು.

ಆ ಬೇಸಿಗೆಯ ಕೊನೆಯ ಸಂಗತಿ ಒಂದಿದೆ. ರೋಹಿಣಿ ಮಳೆ ಎರಡು ಹನಿ ಹಾಕಿ ಹೋದ ವಾರ ಶಿವಲೀಲಾ ಮತ್ತೆ ಬಂದಳು. ಕಿಟಕಿಯಲ್ಲಿ ಅವಳವ್ವ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಫೋನು ಒಳಗೆ ಚಾಚಿದಳು. ನಮ್ಮ ಕೇಂದ್ರದ ಹೆಸರಿನಲ್ಲಿ ಬಂದ ಸಂದೇಶ. ಲಕ್ಕವ್ವ ಅವರೇ, ನಿಮ್ಮ ಬಿಪಿ ತಪಾಸಣೆ ಬಾಕಿ ಉಳಿದಿದೆ, ದಯವಿಟ್ಟು ಬೇಗ ಬನ್ನಿ ಅಂತ ಮರಾಠಿಯಲ್ಲಿ ಇತ್ತು.

"ಎರಡನೇ ಸಲ ಬಂತ್ರಿ. ಇದನ್ನ ಯಾರ ಕಳಸ್ತಾರ?"

"ಯಾರೂ ಅಲ್ಲವಾ. ಕಂಪ್ಯೂಟರ್ ತಾನ ಕಳಸ್ತದ."

"ಅದಕ್ಕ ಹೇಳ್ರಲಾ, ಅವ್ವ ಇಲ್ಲ ಅಂತ. ಅಪ್ಪ ಇದನ್ನ ಓದಸ್ಕೊಂಡು ದಿನಾಪೂರ್ತಿ ಉಣ್ಣಲಿಲ್ರಿ."

ಲಕ್ಕವ್ವ ಸತ್ತದ್ದು ದೊಡ್ಡ ಆಸ್ಪತ್ರೆಯ ಕಂಪ್ಯೂಟರಿಗೆ ಗೊತ್ತಿತ್ತು, ನಮ್ಮದಕ್ಕೆ ಗೊತ್ತಿರಲಿಲ್ಲ. ಸಾವಿನ ಸುದ್ದಿ ಆ ಕಡೆಯಿಂದ ಈ ಕಡೆಗೆ ಬರುವ ವ್ಯವಸ್ಥೆ ಆಗ ಇರಲಿಲ್ಲ. ನನ್ನ ಲಾಗಿನ್ನಿನಲ್ಲಿ ಅವಳ ಹೆಸರು ಅಳಿಸಲು ಬರುತ್ತಿರಲಿಲ್ಲ. ಸಾವಿನ ಸುದ್ದಿ ಬರೆಯಲು ತೆರೆದಿದ್ದದ್ದು ಒಂದೇ ಖಾನೆ, ಷರಾ. ಪೆನಿಸಿಲಿನ್ ಆಗುವುದಿಲ್ಲ, ಜೀವಕ್ಕೆ ಅಪಾಯ ಅಂತ ನಾನೇ ಬರೆದ ಸಾಲು ಇನ್ನೂ ಅಲ್ಲೇ ಇತ್ತು. ಅದರ ಕೆಳಗೆ 'ತೀರಿಕೊಂಡಿದ್ದಾರೆ' ಅಂತ ಬರೆದು ಸೇವ್ ಒತ್ತಿದೆ.

"ಬರದ್ರೇನ್ರಿ? ಇನ್ನ ಬರಂಗಿಲ್ಲಲಾ?" ಅಂದಳು ಶಿವಲೀಲಾ.

"ಬರಂಗಿಲ್ಲ" ಅಂದೆ.

"ನೀವು ಅಂದ್ರಿ ಅಂದ್ರ ಆತ್ರಿ" ಅಂದು ಫೋನನ್ನು ಸೆರಗಿಗೆ ಒರೆಸಿ ಹೋದಳು.

ಮುಂದಿನ ತಿಂಗಳು ಸಂದೇಶ ಹೋಯಿತು. ಅದರ ಮುಂದಿನ ತಿಂಗಳೂ ಹೋಯಿತು. ಬಾಕಿ ಉಳಿದವರ ಪಟ್ಟಿಯಲ್ಲಿ ಲಕ್ಕವ್ವನ ಹೆಸರು ಕೆಂಪಕ್ಷರದಲ್ಲಿ ಬರುತ್ತಲೇ ಇತ್ತು. ಶಿವಲೀಲಾ ಮತ್ತೆ ಕೇಳಲು ಬರಲಿಲ್ಲ.